ಕ್ಯಾಸಿನೊ ಸೈಟುಗಳ ಲಿಂಕಿಗೆ ಹೆದರಬೇಕಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಹೋಂಸ್ಟೇ ಇದೆ. ಅದರ ವೆಬ್‌ಸೈಟ್ ಈಚೆಗೆ ಗೂಗಲ್‌ನಲ್ಲಿ ಹಿಂದೆ ಬಿದ್ದಿದೆ. ಮಾರ್ಕೆಟಿಂಗ್ ಕಂಪನಿಯೊಂದರವರು ಫೋನ್ ಮಾಡಿ, ಕ್ಯಾಸಿನೊ ಸೈಟುಗಳಿಂದ ನಿಮಗೆ ನೂರಾರು 'ಟಾಕ್ಸಿಕ್ ಬ್ಯಾಕ್‌ಲಿಂಕ್' (ಬೇರೆ ಸೈಟುಗಳಿಂದ ಬರುವ, ಹಾನಿ ಮಾಡುವ ಲಿಂಕು) ಬಂದಿವೆ, 30 ಸಾವಿರ ಕೊಟ್ಟರೆ ಎಲ್ಲ ಕ್ಲೀನ್ ಮಾಡಿ ಕೊಡುತ್ತೇವೆ ಅಂದರು. ವರದಿಯನ್ನೂ ಕಳಿಸಿದ್ದಾರೆ, ಅದರ ತುಂಬ ಕೆಂಪು ಬಣ್ಣ. ಕೊಡಬಹುದಾ ಸರ್?

ಉತ್ತರ: ಕೊಡಬೇಡಿ. ಆ ದುಡ್ಡಲ್ಲಿ ರೂಮುಗಳ ಒಳ್ಳೆ ಫೋಟೊ ತೆಗೆಸಿ ಸೈಟಿಗೆ ಹಾಕಿ, ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ವರದಿಯಲ್ಲಿ ಕೆಂಪಾಗಿ ಕಾಣುವ ಅಂಕ ಲಿಂಕ್ ಪರೀಕ್ಷಿಸುವ ಟೂಲ್ ಮಾಡಿದವರ ಲೆಕ್ಕ, ಗೂಗಲ್‌ನದ್ದಲ್ಲ. 'ಟಾಕ್ಸಿಕ್ ಲಿಂಕ್' ಅನ್ನುವುದು ಟೂಲ್‌ಗಳು ಹುಟ್ಟಿಸಿದ ಮಾತು ಎಂದು ಗೂಗಲ್‌ನ ಜಾನ್ ಮ್ಯೂಲರ್ ಅವರೇ ಹೇಳಿದ್ದಾರೆ. ನಾವು ಹಾಕಿಸದ ಲಿಂಕುಗಳು ಎಲ್ಲರ ಸೈಟಿಗೂ ಬರುತ್ತವೆ. ಫೋಟೊ ಕದಿಯುವ ಸೈಟುಗಳು, ಸಾವಿರಾರು ವಿಳಾಸಗಳನ್ನು ಸುಮ್ನೆ ಪಟ್ಟಿ ಮಾಡಿಡುವ ಸೈಟುಗಳು, ಬಾಟ್‌ಗಳು (ತಾನಾಗಿ ಓಡುವ ಪ್ರೋಗ್ರಾಂಗಳು) ತುಂಬಿಸಿದ ಜೂಜಿನ ಪುಟಗಳು, ಇವುಗಳ ಕಣ್ಣಿಗೆ ಬೀಳದ ವೆಬ್‌ಸೈಟ್ ಸಿಗುವುದೇ ಕಷ್ಟ.

ಆದರೆ ಈ ಭಯಕ್ಕೆ ಒಂದು ಕಾಲದಲ್ಲಿ ಕಾರಣ ಇತ್ತು. ಬೇರೆಯವರು ಕೊಟ್ಟ ಲಿಂಕನ್ನು ಶಿಫಾರಸಿನ ಹಾಗೆ ಎಣಿಸಿ ಪುಟದ ತೂಕ ಅಳೆಯುವ ಪೇಜ್‌ರ‍್ಯಾಂಕ್ ಪದ್ಧತಿಯನ್ನು ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ವಿವರಿಸಿದರು. ಶಿಫಾರಸಿಗೆ ಬೆಲೆ ಬಂದ ಮೇಲೆ ಅದನ್ನು ಮಾರುವವರೂ ಹುಟ್ಟಿಕೊಂಡರು. ಅವರನ್ನು ತಡೆಯಲು 2012ರ ಏಪ್ರಿಲ್‌ನಲ್ಲಿ ಗೂಗಲ್‌ನ ಪೆಂಗ್ವಿನ್ ಎಂಬ ತಪಾಸಣೆ ವ್ಯವಸ್ಥೆ ಬಂತು. ಅದು ಲಿಂಕ್ ಮೋಸ ಕಂಡರೆ ಇಡೀ ಸೈಟನ್ನೇ ಕೆಳಗೆ ತಳ್ಳುತ್ತಿತ್ತು, ಎಲ್ಲ ಸರಿಮಾಡಿಕೊಂಡರೂ ಪೆಂಗ್ವಿನ್ ಮತ್ತೊಂದು ಸುತ್ತು ಬರುವ ತನಕ ಕಾಯಬೇಕಿತ್ತು, 2014ರ ಅಕ್ಟೋಬರ್‌ನ ಸುತ್ತು ಆದ ಮೇಲೆ ಮುಂದಿನದು ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಹೆಚ್ಚುಕಡಿಮೆ ಎರಡು ವರ್ಷ! ಆಗದವರ ಸೈಟಿಗೆ ಕೆಟ್ಟ ಲಿಂಕ್ ಕಟ್ಟಿ ಬೀಳಿಸಬಹುದು ಎಂಬ ಮಾತಿಗೆ ಆಗ ಜನ ಹೆದರಿದ್ದರಲ್ಲಿ ತಪ್ಪಿಲ್ಲ.

2016ರಲ್ಲಿ ಪೆಂಗ್ವಿನ್ ಬದಲಾಯಿತು. ಈಗ ಅದು ಕೆಟ್ಟ ಲಿಂಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ. ಅದಕ್ಕಾಗಿ ಇಡೀ ಸೈಟನ್ನು ಕೆಳಗಿಳಿಸುವುದಿಲ್ಲ. ನಿಮಗೆ ಫೋನ್ ಮಾಡಿದವರು ಹಳೆ ಪೆಂಗ್ವಿನ್ ಹೆಸರಲ್ಲಿ ಹೆದರಿಸುತ್ತಿದ್ದಾರೆ. ಸಣ್ಣ ವ್ಯಾಪಾರದವರ ದುಡ್ಡು ಹೀಗೆ ಹೋಗುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಸೈಟಿನ ಸ್ಥಿತಿಯನ್ನು ಅದರ ಮಾಲೀಕರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಉಚಿತ, ಅದರಲ್ಲಿ 'ಮ್ಯಾನುಯಲ್ ಆಕ್ಷನ್ಸ್' (ಗೂಗಲ್ ಸಿಬ್ಬಂದಿ ನೋಡಿ ಸೈಟಿಗೆ ಹಾಕಿದ ಶಿಕ್ಷೆ) ಪುಟ ತೆರೆಯಿರಿ. ಸಮಸ್ಯೆ ಇಲ್ಲ ಎಂದಿದ್ದರೆ ಲಿಂಕಿನ ಚಿಂತೆ ಬಿಡಿ. ಪಕ್ಕದಲ್ಲೇ ಇರುವ 'ಸೆಕ್ಯುರಿಟಿ ಇಶ್ಯೂಸ್' ಪುಟವನ್ನು ಮಾತ್ರ ಮರೆಯದೆ ನೋಡಿ. ಹ್ಯಾಕ್ ಮಾಡಿದವರು ನಿಮ್ಮ ಸೈಟಿನ ಒಳಗೇ ಜೂಜಿನ ಪುಟ ತುಂಬಿಸಿದ್ದರೆ ಅದು ನಿಜವಾದ ಅಪಾಯ. ಎರಡೂ ಸರಿಯಿದ್ದರೆ ಯಾವ ಹುಡುಕಾಟದಲ್ಲಿ ಹಿಂದೆ ಬಿದ್ದಿರಿ, ಆ ಜಾಗಕ್ಕೆ ಯಾರು ಬಂದರು ಎಂದು ಹುಡುಕಿ. ಹೋಂಸ್ಟೇ ವಿಷಯದಲ್ಲಿ ದೊಡ್ಡ ಬುಕಿಂಗ್ ಸೈಟುಗಳು ಮತ್ತು ಗೂಗಲ್‌ನದೇ ಮ್ಯಾಪ್ ಪಟ್ಟಿ ಮೇಲೆ ಕೂತಿರುವ ಸಾಧ್ಯತೆ ಇದೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ, ಅಡಿಕೆ ಹಾಳೆ ತಟ್ಟೆ ಮಾರುತ್ತೇವೆ. ಒಬ್ಬರಿಗೆ ದುಡ್ಡು ಕೊಟ್ಟು ಲಿಂಕ್ ಹಾಕಿಸಿದ್ದೆವು. ಸೈಟ್ ಮೇಲೆ ಬಂತು, ಆಮೇಲೆ ಬಿತ್ತು. ಡಿಸವೋ (ಈ ಲಿಂಕುಗಳನ್ನು ಎಣಿಸಬೇಡಿ ಎಂದು ಗೂಗಲ್‌ಗೆ ಹೇಳುವುದು) ಮಾಡಿದರೆ ಹಳೇ ಜಾಗ ಸಿಗುತ್ತದಾ?

ಉತ್ತರ: ಇಲ್ಲ. ಮೊದಲು ಮೇಲೆ ಬಂದದ್ದು ಆ ಲಿಂಕುಗಳ ಬಲದಿಂದ ಅಲ್ವಾ? ಗೂಗಲ್ ಅವನ್ನು ಎಣಿಸುವುದು ನಿಲ್ಲಿಸಿತು ಅಂದರೆ ಬಲವೂ ಹೋಯಿತು. 2022ರ ಡಿಸೆಂಬರ್‌ನಲ್ಲಿ ಸ್ಪ್ಯಾಮ್‌ಬ್ರೈನ್ ಎಂಬ ಎಐ ವ್ಯವಸ್ಥೆಯನ್ನು ಲಿಂಕ್ ಜಾಲಾಡಲು ಹಚ್ಚಿದಾಗಲೂ ಗೂಗಲ್ ಹೇಳಿದ್ದು ಇದನ್ನೇ.

ಇದು ದೊಡ್ಡವರಿಗೂ ತಪ್ಪಿದ್ದಲ್ಲ. ಅಮೆರಿಕದ ಜೆ.ಸಿ. ಪೆನ್ನಿ ಅಂಗಡಿಗಳ ಸೈಟ್ ಹಬ್ಬದ ಸೀಸನ್ನಿನಲ್ಲಿ ಬಟ್ಟೆ, ಹಾಸಿಗೆ, ಕಾರ್ಪೆಟ್ ಏನು ಹುಡುಕಿದರೂ ಮೊದಲು ಬರುತ್ತಿತ್ತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅದರ ಲಿಂಕ್ ಇದ್ದದ್ದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಗೂಗಲ್ ಕೈ ಹಾಕಿದ ಮೇಲೆ, ಒಂದು ಬ್ರ್ಯಾಂಡಿನ ಲಗೇಜ್ ಹುಡುಕಾಟದಲ್ಲಿ ಮೊದಲಿದ್ದ ಸೈಟ್ ಎರಡೇ ಗಂಟೆಯಲ್ಲಿ 71ಕ್ಕೆ ಇಳಿಯಿತು. ಲಿಂಕುಗಳಿಗೆ ತಾನು ಒಪ್ಪಿಗೆ ಕೊಟ್ಟಿರಲಿಲ್ಲ ಎಂದ ಕಂಪನಿ, ಸರ್ಚ್ ಕೆಲಸ ನೋಡುತ್ತಿದ್ದ ಏಜೆನ್ಸಿಯನ್ನು ಬಿಟ್ಟಿತು.

ನಿಮಗೂ ಮ್ಯಾನುಯಲ್ ಆಕ್ಷನ್ ಬಂದಿದ್ದರೆ ಮಾತ್ರ ಕೆಲಸ ಇದೆ. ದುಡ್ಡು ಕೊಟ್ಟವರ ಹತ್ತಿರ ಲಿಂಕ್ ತೆಗೆಸಿ. ತೆಗೆಸಲು ಆಗದ ಸೈಟುಗಳ ಹೆಸರನ್ನು ಸಾಲಿಗೊಂದರಂತೆ ಟೆಕ್ಸ್ಟ್ ಫೈಲಿನಲ್ಲಿ ಬರೆದು ಡಿಸವೋ ಟೂಲಿಗೆ ಕೊಡಿ. ಆಮೇಲೆ ಏನಾಯಿತು, ಏನು ಮಾಡಿದಿರಿ ಎಂದು ಮುಚ್ಚಿಡದೆ ಬರೆದು ಮರುಪರಿಶೀಲನೆಗೆ ಅರ್ಜಿ ಹಾಕಿ. ಆಕ್ಷನ್ ಬಂದಿಲ್ಲವಾದರೆ ಡಿಸವೋ ಮುಟ್ಟಬೇಡಿ, ಒಳ್ಳೆ ಲಿಂಕನ್ನೇ ಹೊಡೆದು ಹಾಕಿಕೊಂಡೀರಿ. ಬಹುಪಾಲು ಸೈಟುಗಳಿಗೆ ಇದು ಬೇಕಾಗುವುದಿಲ್ಲ ಎಂದು ಗೂಗಲ್ ಹೇಳುತ್ತದೆ, ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್ ಅಂತೂ 2023ರಲ್ಲಿ ತನ್ನ ಡಿಸವೋ ಟೂಲನ್ನೇ ತೆಗೆದುಹಾಕಿತು.

ಪ್ರಶ್ನೆ: ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಸೈಟಿನಲ್ಲಿ ಅನಿಸಿಕೆ ಬರೆಯುವ ಪುಟ ಇದೆ. ಅಲ್ಲಿ ಯಾರೋ ದಿನಾ ಔಷಧಿ, ಸಾಲದ ಲಿಂಕ್ ಹಾಕುತ್ತಾರೆ. ಇದರಿಂದ ತೊಂದರೆಯಾ?

ಉತ್ತರ: ಇದಕ್ಕೆ ತಲೆ ಕೆಡಿಸಿಕೊಳ್ಳಿ. ಇವು ನಿಮ್ಮ ಸೈಟಿನಿಂದ ಹೊರಗೆ ಹೋಗುವ ಲಿಂಕುಗಳು, ಪುಟದ ಜವಾಬ್ದಾರಿ ನಿಮ್ಮದೇ. ಹಳೆಯವನ್ನು ಅಳಿಸಿ. ಒಪ್ಪಿಗೆ ಇಲ್ಲದೆ ಹೊಸ ಬರಹ ಪ್ರಕಟವಾಗದ ಹಾಗೆ ಸೆಟ್ಟಿಂಗ್ ಬದಲಿಸಿ. ಆ ಪುಟದ ಲಿಂಕುಗಳಿಗೆ 'ಯುಜಿಸಿ' (ಓದುಗರು ಹಾಕಿದ್ದು) ಅಥವಾ 'ನೋಫಾಲೋ' (ನಮ್ಮ ಶಿಫಾರಸಲ್ಲ) ಎಂಬ ಗುರುತು ಹಾಕಲು ಸೈಟ್ ಮಾಡಿಕೊಟ್ಟವರಿಗೆ ಹೇಳಿ. ಯಾರೂ ಆ ಪುಟ ನೋಡಿಕೊಳ್ಳುತ್ತಿಲ್ಲವಾದರೆ ಮುಚ್ಚಿಬಿಡಿ.