34ಕ್ಕೇ ಮುಟ್ಟು ನಿಂತಿದೆ, ಹಾರ್ಮೋನ್ ಗುಳಿಗೆ ತಗೊಂಡ್ರೂ ಮೂತ್ರ ಮಾಡುವಾಗ ಉರಿ, ಗಂಡನ ಜೊತೆ ಸೇರುವಾಗ ನೋವು ಹೋಗ್ತಿಲ್ಲ. ಸೇರೋಕೆ ಮನಸ್ಸೇ ಬರೋದಿಲ್ಲ, ಡಾಕ್ಟರ್ ಹತ್ತಿರ ಹೇಳೋಕೂ ನಾಚಿಕೆ. ಇದು ಹೀಗೇನಾ?

ಹೀಗೇ ಇರಬೇಕಾಗಿಲ್ಲ. ನನಗೂ ನಲವತ್ತಕ್ಕೆ ಮೊದಲೇ ಅಂಡಾಶಯ ಕೆಲಸ ಕಡಿಮೆ ಮಾಡಿತು, ಅದಕ್ಕೇ ಬರೀತಿದ್ದೀನಿ. ಗುಳಿಗೆಯಿಂದ ಮೈ ಬಿಸಿಯಾಗೋದು ನಿಂತರೂ, ಕೆಲವರಿಗೆ ಯೋನಿಯ ಮಟ್ಟಿಗೆ ಅದು ಸಾಲೋದಿಲ್ಲ. ಗುಳಿಗೆ ಬಿಡಬೇಡಿ, ಮೂಳೆಗೂ ಹೃದಯಕ್ಕೂ ಅದು ಬೇಕು, ಸಾಮಾನ್ಯವಾಗಿ 50ರ ಹತ್ತಿರದವರೆಗೆ ಕೊಡ್ತಾರೆ. ಜೊತೆಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜೆನ್ (ಅಂಡಾಶಯದಿಂದ ಬರೋ ಹೆಣ್ಣು ಹಾರ್ಮೋನ್) ಕ್ರೀಮ್ ಬೇಕಾ ಅಂತ ಡಾಕ್ಟರನ್ನ ಕೇಳಿ.

ನಮ್ಮ ರಾಯಚೂರು ಕಡೆ ಉರಿಮೂತ್ರ ಅಂದ್ರೆ ಸಾಕು, 'ಉಷ್ಣ ಆಗ್ಯದ, ಎಳನೀರು ಕುಡಿ' ಅಂತಾರೆ. ಬಿಸಿಲೂ ಹಾಗೇ ಇದೆ ಬಿಡಿ. ಎಳನೀರು, ಬಾರ್ಲಿ ನೀರು, ಮೆಡಿಕಲ್ ಶಾಪಿನವರು ಕೊಟ್ಟ ಆಂಟಿಬಯೋಟಿಕ್ ಎಲ್ಲಾ ಆದಮೇಲೆ ಮೂತ್ರದ ಕಲ್ಚರ್ (ಸೋಂಕಿನ ರೋಗಾಣು ಇದೆಯಾ ಅಂತ ನೋಡೋ ಪರೀಕ್ಷೆ) ಮಾಡಿಸಿದರೆ ನನಗೆ ಸೋಂಕೇ ಇರಲಿಲ್ಲ. ಈಸ್ಟ್ರೋಜೆನ್ ಕಮ್ಮಿಯಾದಾಗ ಯೋನಿಯ ಒಳಪದರ ತೆಳ್ಳಗಾಗಿ ಒಣಗುತ್ತೆ, ಮೂತ್ರ ಬರುವ ದಾರಿಗೂ ಅದೇ ಗತಿ. ಅಲ್ಲಿನ ಒಳ್ಳೆ ಬ್ಯಾಕ್ಟೀರಿಯಾನೂ ಕಮ್ಮಿಯಾಗೋದರಿಂದ ನಿಜವಾದ ಸೋಂಕೂ ಪದೇ ಪದೇ ಬರಬಹುದು, ಹಾಗಾಗಿ ಸುಮ್ನೆ ಮಾತ್ರೆ ನುಂಗೋ ಮೊದಲು ಕಲ್ಚರ್ ಮಾಡಿಸಿ. ಜ್ವರ, ಬೆನ್ನುನೋವು, ಮೂತ್ರದಲ್ಲಿ ರಕ್ತ ಇದ್ದರೆ ಕಾಯದೆ ಡಾಕ್ಟರ್ ಹತ್ತಿರ ಹೋಗಿ.

ಕ್ರೀಮನ್ನು ಸಾಮಾನ್ಯವಾಗಿ ಮೊದಲ 2–3 ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ 2 ಸಲ ಹಚ್ಚಲು ಹೇಳ್ತಾರೆ. ಪೂರ್ತಿ ಫಲ ಗೊತ್ತಾಗೋಕೆ 2–3 ತಿಂಗಳು ಬೇಕು. ರಕ್ತಕ್ಕೆ ಸೇರೋದು ತುಂಬಾ ಕಮ್ಮಿ, ಆದರೂ ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಹೇಳಿ.

ಮನಸ್ಸೇ ಬರೋದಿಲ್ಲ ಅಂತಲೂ ಬರೆದಿದ್ದೀರಿ. ಪ್ರತಿ ಸಲ ನೋವಾದರೆ ಯಾರಿಗೆ ಮನಸ್ಸು ಬರುತ್ತೆ ಹೇಳಿ? ಹಾರ್ಮೋನಿನ ಪಾಲೂ ಇದೆ, ಆದರೆ ನೋವಾಗುತ್ತೆ ಅನ್ನೋ ಭಯಕ್ಕೇ ಕೆಳಗಿನ ಸ್ನಾಯು ಬಿಗಿಯಾಗಿ ನೋವು ಜಾಸ್ತಿಯಾಗುತ್ತೆ. ನೋವು ಕಮ್ಮಿಯಾಗೋವರೆಗೆ ಒಳಗೆ ಸೇರೋದು ಬೇಡ ಅಂತ ಯಜಮಾನರಿಗೆ ನೇರವಾಗಿ ಹೇಳಿ, ಮುದ್ದು ಮಾಡೋದಕ್ಕೇನೂ ಅಡ್ಡಿಯಿಲ್ಲ. ಒಣಗಿದೆ ಅಂದ್ರೆ ಅವರ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಇದನ್ನೂ ಹೇಳಬೇಕು, ಗಂಡಸರು ತಪ್ಪು ತಿಳಿಯೋದೇ ಇಲ್ಲಿ.

ಡಾಕ್ಟರ್ ಹತ್ತಿರ ಹೇಳೋಕೆ ನಾಚಿಕೆ ಅಂದ್ರಲ್ಲ, ಪಕ್ಕದಲ್ಲಿ ಅತ್ತೆ, ಟೇಬಲ್ಲಿಗೆ ಅಂಟಿಕೊಂಡು ಮುಂದಿನ ಪೇಷಂಟ್, ಹೇಗೆ ಬಾಯಿ ಬರುತ್ತೆ? 'ಸೇರುವಾಗ ನೋವು, ಒಣಗಿದೆ, ಉರಿ' ಅಂತ ಚೀಟಿಯಲ್ಲಿ ಬರೆದು ಫೈಲಿನೊಳಗಿಟ್ಟು ಕೊಡಿ. ನಾನು ಹಾಗೇ ಮಾಡಿದ್ದು.

ಕ್ರೀಮ್ ಸಿಗೋವರೆಗೆ ಲೂಬ್ರಿಕೆಂಟ್ ಜೆಲ್ ಬಳಸಿ. ಕಾಂಡೋಮ್ ಇದ್ದರೆ ಕೊಬ್ಬರಿ ಎಣ್ಣೆ ಬೇಡ, ರಬ್ಬರ್ ಹರಿಯಬಹುದು. ನಮ್ಮ ಹಾಗೆ ನಲವತ್ತಕ್ಕೆ ಮೊದಲೇ ಅಂಡಾಶಯ ಕೆಲಸ ಕಡಿಮೆ ಮಾಡಿದವರಲ್ಲಿ 100ಕ್ಕೆ 5–10 ಜನರಿಗೆ ತಾನಾಗೇ ಗರ್ಭ ನಿಲ್ಲೋದುಂಟು, ಈ ಹಾರ್ಮೋನ್ ಚಿಕಿತ್ಸೆ ಅದನ್ನು ತಡೆಯೋದಿಲ್ಲ. ಮಗು ಬೇಡ ಅಂತಿದ್ದರೆ ಅದನ್ನೂ ಚೀಟಿಯಲ್ಲಿ ಸೇರಿಸಿ.