ಬೀದಿಗೊಬ್ಬ ಪೊಲೀಸಪ್ಪ ಸಿಕ್ತಾನಾ?

ಪ್ರಶ್ನೆ: ನನ್ನ ಮಗ ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿದಾನೆ. ಅಲ್ಲಿ ಏರಿಯಾ ಪೊಲೀಸು ಸೈಕಲ್‌ನಲ್ಲಿ ಬಂದು ಅಂಗಡಿಯವ್ರನ್ನ, ಸ್ಕೂಲ್ ಮಕ್ಕಳನ್ನ ಮಾತಾಡಿಸ್ಕೊಂಡು ಹೋಗ್ತಾರಂತೆ. ನಮ್ಮ ಬೀದೀಲಿ ಬೀಟ್ ಪೊಲೀಸ್ ಯಾರು ಅಂತ್ಲೇ ಯಾರಿಗೂ ಗೊತ್ತಿಲ್ಲ. ಯುರೋಪಲ್ಲಿ ಎಲ್ಲಾ ಕಡೆ ಹಂಗೇನಾ?
– ಗೃಹಿಣಿ, ತುಮಕೂರು

ಇಲ್ಲಮ್ಮ, ಒಂದೊಂದು ದೇಶದ್ದು ಒಂದೊಂದು ದಾರಿ. ನಿಮ್ಮ ಮಗ ನೋಡಿರೋರಿಗೆ ಅಲ್ಲಿ ವೈಕ್‌ಅಹೆಂಟ್ ಅಂತಾರೆ, ಬಡಾವಣೆ ಪೊಲೀಸ್ ಅಂತ್ಲೇ ಅರ್ಥ. ಸುಮಾರು 5000 ಜನಕ್ಕೆ ಒಬ್ರು ಇರ್ಬೇಕು ಅಂತ ಪೊಲೀಸ್ ಕಾನೂನಲ್ಲೇ ಬರ್ದವ್ರೆ. ಪಕ್ಕದ ಬೆಲ್ಜಿಯಂ ಇನ್ನೂ ಬಿಗಿ, 4000ಕ್ಕೆ ಒಬ್ರು. ಲೆಕ್ಕ ಹಾಕಿ ನೋಡಿ, ತುಮಕೂರು ಸಿಟಿ ಜನ 3 ಲಕ್ಷ ಅಂತ ಇಟ್ಕೊಂಡ್ರೂ ನೆದರ್‌ಲ್ಯಾಂಡ್ಸ್ ಲೆಕ್ಕದಲ್ಲಿ 60 ಜನ ಬೇಕು, ಅದೂ ಬೇರೆ ಕೆಲ್ಸಕ್ಕೆ ಎಳೀದೆ ಬರೀ ಏರಿಯಾ ಸುತ್ತೋಕೆ. ಅಲ್ಲೂ ಗೋಳು ಇಲ್ದೇ ಇಲ್ಲ, ಏರಿಯಾ ಬಿಡ್ಸಿ ಬೇರೆ ಡ್ಯೂಟಿಗೆ ಹಾಕ್ತಾರೆ ಅಂತ ಅವ್ರೂ ಗೊಣಗ್ತಾನೇ ಇರ್ತಾರೆ. ನಮ್ಮಲ್ಲಿ ಸಿದ್ಧಗಂಗೆ ಜಾತ್ರೆ ಬಂದೋಬಸ್ತ್, ಮಂತ್ರಿ ಬಂದ್ರೆ ಬಂದೋಬಸ್ತ್ ಅಂತ ಓಡಾಡ್ತಾರಲ್ಲ, ಹೆಚ್ಚುಕಮ್ಮಿ ಅದೇ ಕಥೆ.

ಫ್ರಾನ್ಸ್‌ದು ಕೇಳಿ, ಅದು ನಮಗೆ ಪಾಠ ಆಗೋ ಕಥೆ. 1998ರ ಹೊತ್ತಿಗೆ ಪ್ರಧಾನಿ ಜೋಸ್ಪಾಂ ಸರ್ಕಾರ ಬಡಾವಣೆ ಪೊಲೀಸ್ ಪದ್ಧತಿ ತಂತು, ಪೊಲೀಸ್ರು ಕಾಲೊನಿಗಳಲ್ಲಿ ನಡ್ಕೊಂಡು ಓಡಾಡೋದು, ಹುಡುಗ್ರ ಪರಿಚಯ ಮಾಡ್ಕೊಳೋದು ಹಿಂಗೆ. ಸರ್ಕಾರ ಬದಲಾಯ್ತು, ಸರ್ಕೋಜಿ ಗೃಹಮಂತ್ರಿ ಆದ್ರು, 2003ರಲ್ಲಿ ತುಲೂಸ್ ಊರಿಗೆ ಹೋಗಿ ಹುಡುಗ್ರಿಗೆ ರಗ್ಬಿ ಆಡ್ಸೋದು ನಿಮ್ಮ ಕೆಲ್ಸ ಅಲ್ಲ, ಕಳ್ಳರನ್ನ ಹಿಡೀರಿ ಅನ್ನೋ ಧಾಟೀಲಿ ಎಲ್ರೆದ್ರಿಗೂ ಗದರಿದ್ರು, ಅಲ್ಲಿಗೆ ಆ ಪದ್ಧತಿ ಮುಗೀತು. 2005ರಲ್ಲಿ ಪ್ಯಾರಿಸ್ ಹತ್ರದ ಕ್ಲಿಶಿ-ಸು-ಬುವಾದಲ್ಲಿ ಪೊಲೀಸ್ರಿಗೆ ಹೆದರಿ ಓಡಿದ ಇಬ್ರು ಹುಡುಗ್ರು ಕರೆಂಟ್ ಸಬ್‌ಸ್ಟೇಷನ್ ಒಳಗೆ ಬಚ್ಚಿಟ್ಕೊಳಕ್ಕೋಗಿ ಸತ್ರು, ಮೂರು ವಾರ ದೇಶ ಹೊತ್ತಿ ಉರೀತು. ಆ ಪದ್ಧತಿ ನಿಂತಿದ್ದಕ್ಕೇ ಇದಾಯ್ತು ಅಂತ ನಾನು ಹೇಳಲ್ಲ, ನಿರುದ್ಯೋಗ, ಬಣ್ಣದ ತಾರತಮ್ಯ ಎಲ್ಲಾ ಇತ್ತು. ಆದ್ರೆ ಆ ಹುಡುಗ್ರನ್ನ ಮುಖ ನೋಡಿದ್ರೆ ಗುರುತು ಹಿಡಿಯೋ ಒಬ್ಬ ಪೊಲೀಸು ಅಲ್ಲಿದ್ದಿದ್ರೆ ಓಡ್ತಿದ್ರಾ ಅನ್ನೋದು ನನ್ನ ತಲೇಲಿ ಕೊರೀತಾನೇ ಇರುತ್ತೆ. 2018ರಲ್ಲಿ ಬೇರೆ ಹೆಸ್ರಿಟ್ಟು ಅಂಥದ್ದೇ ಒಂದು ಮತ್ತೆ ತಂದ್ರು.

ನಮ್ಮ ರಾಜ್ಯದಲ್ಲೂ 2025ರಲ್ಲಿ ಮನೆ ಮನೆಗೆ ಪೊಲೀಸ್ ಅಂತ ಶುರು ಮಾಡವ್ರೆ, ಆಗ ಗೃಹಮಂತ್ರಿ ಆಗಿದ್ದ ಪರಮೇಶ್ವರ್ ಅವ್ರು ನಮ್ಮ ಕೊರಟಗೆರೆಯಿಂದ್ಲೇ ಗೆದ್ದವ್ರು. ಯೋಜನೆ ಹೆಸರಿಗಿಂತ ನಾನು ನೋಡೋದು ಒಂದೇ, ಈ ವರ್ಷ ಗೇಟ್ ತಟ್ಟಿದ ಮುಖಾನೇ ಮುಂದಿನ ವರ್ಷಾನೂ ತಟ್ಟುತ್ತಾ, ಇಲ್ಲ ಅಷ್ಟ್ರಲ್ಲಿ ಟ್ರಾನ್ಸ್‌ಫರ್ ಆಗಿ ಪಾವಗಡ ಸೇರಿರುತ್ತಾ ಅಂತ.

ಪ್ರಶ್ನೆ: ಇಂಗ್ಲೆಂಡ್ ಪೊಲೀಸ್ರ ಹತ್ರ ಗನ್ ಇರಲ್ವಂತೆ, ನಿಜಾನಾ?
– ಪಿಯುಸಿ ವಿದ್ಯಾರ್ಥಿ, ಗುಬ್ಬಿ

ನಿಜ ಕಣಪ್ಪ. ಸಾಮಾನ್ಯ ಪೊಲೀಸ್ರಿಗೆ ಇರಲ್ಲ, ಅದಕ್ಕೇ ಅಂತ ಬೇರೆ ತಂಡ ಐತೆ. ಉತ್ತರ ಐರ್ಲೆಂಡ್‌ನಲ್ಲಿ ಮಾತ್ರ ಎಲ್ರಿಗೂ ಇರುತ್ತೆ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ ಪೊಲೀಸ್ ಕಟ್ಟಿದಾಗ ಜನಕ್ಕೆ ಸೈನ್ಯ ಬಂತು ಅಂತ ಭಯ ಆಗ್ಬಾರ್ದು ಅಂತ ಸೈನಿಕರ ಕೆಂಪು ಬಿಟ್ಟು ನೀಲಿ ಯೂನಿಫಾರ್ಮ್ ಕೊಟ್ರು. ಜನ ಒಪ್ಪಿದ್ರೇನೇ ಪೊಲೀಸು ಅನ್ನೋ ಮಾತು ಅಲ್ಲಿ ಇವತ್ತಿಗೂ ನಡೆಯುತ್ತೆ. 2002ರ ಕಾನೂನಿಂದ ಪೂರ್ತಿ ಪೊಲೀಸ್ ಅಧಿಕಾರ ಇಲ್ದಿರೋ ಸಹಾಯಕ ಅಧಿಕಾರಿಗಳೂ ಬಂದ್ರು, ಬೀದಿ ಸುತ್ತೋದು ಜಾಸ್ತಿ ಅವ್ರೇ.

ಪ್ರಶ್ನೆ: ಮನೆ ಮುಂದೆ ಸಿಸಿಟಿವಿ ಹಾಕ್ಸಿದೀನಿ. ಎದುರು ಮನೆಯವ್ರು ಜಗಳಕ್ಕೆ ಬರ್ತಾರೆ!
– ನಿವೃತ್ತ ನೌಕರರು, ಕ್ಯಾತ್ಸಂದ್ರ

ನೀವು ಜರ್ಮನಿಯಲ್ಲಿದ್ದಿದ್ರೆ ಅವ್ರು ಜಗಳದ ಬದ್ಲು ದೂರು ಕೊಡ್ತಿದ್ರು ಸಾರ್. ಅಲ್ಲಿ ಸ್ವಂತ ಕ್ಯಾಮೆರಾ ಬೀದಿಗೋ ಪಕ್ಕದವ್ರ ಬಾಗ್ಲಿಗೋ ತಿರುಗ್ಸಿ ಇಟ್ಕೊಳಂಗಿಲ್ಲ. ಪೂರ್ವ ಜರ್ಮನಿ ಕಾಲದ ಸ್ಟಾಸಿ ಅನ್ನೋ ಗುಪ್ತ ಪೊಲೀಸ್ರ ಬೇಹುಗಾರಿಕೆ ಇನ್ನೂ ಮರ್ತಿಲ್ಲ ಅವ್ರು. ಲಂಡನ್‌ನಲ್ಲಿ ನೋಡಿದ್ರೆ ಕಣ್ಣು ಹಾಯ್ಸಿದ ಕಡೆಯೆಲ್ಲಾ ಕ್ಯಾಮೆರಾ. ನಿಮ್ದನ್ನ ಸ್ವಲ್ಪ ಕೆಳಕ್ಕೆ ತಿರುಗ್ಸಿ, ನಿಮ್ಮ ಗೇಟು, ಸ್ಕೂಟರ್ ಕಂಡ್ರೆ ಸಾಕು. ಊರಿಗೆ ಹೋಗುವಾಗ ಮನೆ ಕಡೆ ಕಣ್ಣಿಡ್ರಪ್ಪಾ ಅಂತ ನೀವು ಹೇಳ್ಬೇಕಾಗಿರೋದು ಆ ಎದುರು ಮನೆಯವ್ರಿಗೇ.