ಬೇರೆಯವರ ಉದ್ದೇಶವನ್ನು ನಮ್ಮ ಅಳತೆಯಲ್ಲೇ ಯಾಕೆ ಅಳೆಯುತ್ತೇವೆ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಅದೇ. ಎದುರಿನವರ ಮನಸ್ಸು ನಮಗೆ ಕಾಣಲ್ಲ. ಹಾಗಾಗಿ "ನಾನಾಗಿದ್ದರೆ ಯಾಕೆ ಹೀಗೆ ಮಾಡ್ತಿದ್ದೆ?" ಅಂತ ಕೇಳಿಕೊಂಡು, ಆ ಉತ್ತರವನ್ನೇ ಅವರ ತಲೆಗೆ ಕಟ್ಟುತ್ತೇವೆ.

1977ರಲ್ಲಿ ಮನಶ್ಶಾಸ್ತ್ರಜ್ಞ ಲೀ ರಾಸ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗ ಒಂದಿದೆ. ಮೈಮೇಲೆ ಜಾಹೀರಾತು ಬೋರ್ಡ್ ಹಾಕಿಕೊಂಡು ಕ್ಯಾಂಪಸ್ ಸುತ್ತುತ್ತೀರಾ ಅಂತ ವಿದ್ಯಾರ್ಥಿಗಳನ್ನು ಕೇಳಿದರು. ಒಪ್ಪಿದವರು, ಶೇ. 60ಕ್ಕಿಂತ ಜಾಸ್ತಿ ಜನ ಒಪ್ಪುತ್ತಾರೆ ಅಂದುಕೊಂಡರು. ಒಲ್ಲೆ ಅಂದವರ ಲೆಕ್ಕದಲ್ಲಿ ಒಪ್ಪುವವರು ಮೂರರಲ್ಲೊಬ್ಬರು ಮಾತ್ರ.

ನನ್ನದೇ ನೋಡಿ. ಸಹೋದ್ಯೋಗಿಯೊಬ್ಬರು ಮ್ಯಾನೇಜರ್‌ಗೆ ದಿನಾ ಕಾಫಿ ತರುತ್ತಿದ್ದರು. ಬಡ್ತಿಗಾಗಿ ಬೆಣ್ಣೆ ಹಚ್ಚುತ್ತಿದ್ದಾರೆ ಅಂದುಕೊಂಡೆ. ಬಡ್ತಿಗೆ ಕಾಯುತ್ತಿದ್ದವನು ನಾನು! ಅವರು ಹೇಗೂ ದರ್ಶಿನಿಗೆ ಹೋಗುತ್ತಿದ್ದರು, ಕೇಳಿದವರಿಗೆಲ್ಲ ತರುತ್ತಿದ್ದರು. ನಾನು ಕೇಳಿರಲಿಲ್ಲ, ಅಷ್ಟೇ.